ಅಜ್ಜಾರ ಕಾರಿಗೆ ಮಡ್‌ಗಾರ್ಡ್

ಶ್ರಾವಣದ ಎರಡನೆಯ ಸೋಮವಾರ, ಬೆಳಗಿನ ಎಂಟು ಗಂಟೆ ಹತ್ತು ನಿಮಿಷಕ್ಕೆ, ಮಲಪ್ರಭೆಯ ದಂಡೆಯ ಮಠವೊಂದರ ಇತಿಹಾಸದಲ್ಲಿ ಹಿಂದೆಂದೂ ನಡೆಯದ ಘಟನೆ ನಡೆಯಿತು. ಮಠದ ಕಾರಿನ ಹಿಂದಿನ ಚಕ್ರದಿಂದ ಎದ್ದ ಕೆಸರು, ಹಿಂದೆ ಮೊಪೆಡ್ ಮೇಲೆ ಬರುತ್ತಿದ್ದ ಅಂಗನವಾಡಿ ಶಿಕ್ಷಕಿ ಸಾವಂತ್ರಕ್ಕನ ಸೀರೆಯ ಮೇಲೆ ಬಿತ್ತು. ಪ್ರಾಣಹಾನಿ ಆಗಲಿಲ್ಲ.

ಆದರೆ ಅದು ಎರೆಮಣ್ಣಿನ ಕೆಸರು. ಎರೆಮಣ್ಣು ಒಮ್ಮೆ ಹಿಡಿದ ಬಟ್ಟೆಯನ್ನು ಬಿಡುವುದಿಲ್ಲ. ಅಷ್ಟು ನಿಷ್ಠೆ ಮಠದ ಭಕ್ತರಲ್ಲೂ ಇರಲಿಲ್ಲ.

ಸಾವಂತ್ರಕ್ಕ ಅದೇ ಸೀರೆಯಲ್ಲಿ, ಅದೇ ಮೊಪೆಡ್ ಮೇಲೆ ನೇರ ಮಠಕ್ಕೆ ಬಂದಳು.

"ಅಜ್ಜಾರ, ನಿಮ್ಮ ಪಾದದ ಧೂಳು ತಲೀಮ್ಯಾಲೆ ಇಟ್ಕೋತೀನಿ. ನಿಮ್ಮ ಕಾರಿನ ರಾಡಿ ಮಾತ್ರ ಬ್ಯಾಡ್ರಿ."

ಮಠದ ಸ್ವಾಮಿಗಳನ್ನು ಊರವರು ಕರೆಯುತ್ತಿದ್ದುದು ಅಜ್ಜಾರು ಎಂದೇ. ಎಪ್ಪತ್ತನಾಲ್ಕು ವರ್ಷದ ಅಜ್ಜಾರು ಎದ್ದು ನಿಂತು, "ತಪ್ಪಾತು ತಾಯಿ" ಎಂದರು. ಸಂಜೆಯೊಳಗೆ ಡ್ರೈವರ್ ಫಕೀರಪ್ಪ ಪೇಟೆಯಿಂದ, ಚಕ್ರದ ಹಿಂದೆ ಇಳಿಬಿಡುವ ನಾಲ್ಕು ಮಡ್‌ಗಾರ್ಡ್‌ಗಳ ಪೆಟ್ಟಿಗೆ ತಂದ.

ಫಕೀರಪ್ಪನೇ ಅವನ್ನು ಅರ್ಧ ಗಂಟೆಯಲ್ಲಿ ಹಚ್ಚಬಹುದಿತ್ತು. ಅಜ್ಜಾರು ಪೆಟ್ಟಿಗೆಯನ್ನು ಮರುಳಸಿದ್ಧನ ಕೈಗೆ ಕೊಟ್ಟರು.

ಮರುಳಸಿದ್ಧ ಹನ್ನೆರಡು ವರ್ಷದಿಂದ ಅವರ ಶಿಷ್ಯ. ಶ್ರಾವಣದಲ್ಲಿ ದಿನಾ ಸಂಜೆ ಮಠದಲ್ಲಿ ಪ್ರವಚನ. ಒಂದೇ ಒಂದು ಸಂಜೆ ತನಗೆ ಕೊಡಿ ಎಂದು ಅವನು ಪ್ರತಿ ವರ್ಷ ಕೇಳುತ್ತಿದ್ದ. ಬರುವ ವರ್ಷ ನೋಡೋಣ ಎಂದು ಅಜ್ಜಾರು ಪ್ರತಿ ವರ್ಷ ಹೇಳುತ್ತಿದ್ದರು. ಕೊಡಬಾರದೆಂದಲ್ಲ. ಅವರ ಗಂಟಲು ಈಚೆಗೆ ಅರ್ಧ ತಾಸಿಗೇ ಒಡೆಯುತ್ತಿತ್ತು; ತಮ್ಮ ನಂತರ ಆ ಪೀಠದಲ್ಲಿ ಯಾರಾದರೂ ಕೂತು ಮಾತಾಡಲೇಬೇಕಿತ್ತು. ಆದರೆ ಮರುಳಸಿದ್ಧ ಯಾವ ವಸ್ತುವನ್ನೂ ವಸ್ತುವಾಗಿ ಇರಲು ಬಿಟ್ಟವನಲ್ಲ. ಸೋರುವ ಕೊಡ ಕಂಡರೆ ದೇಹ ಎನ್ನುತ್ತಿದ್ದ. ಕೊಡ ಮಾತ್ರ ಸೋರುತ್ತಲೇ ಇರುತ್ತಿತ್ತು.

"ಅಜ್ಜಾರ, ಈ ವರ್ಷನಾದರೂ ಪ್ರವಚನ... ಬರೋ ಸೋಮವಾರ..."

"ಮೊದಲ ಇವನ್ನ ಕಾರಿಗೆ ಹಚ್ಚು. ಸೋಮವಾರದ ಮಾತು ಆಮ್ಯಾಲೆ."

ಬುಧವಾರ ಅಜ್ಜಾರು ಅವನ ಕೋಣೆಗೆ ಹೋದರು. ಪೆಟ್ಟಿಗೆಯನ್ನು ಇನ್ನೂ ಒಡೆದಿರಲಿಲ್ಲ. ಅದಕ್ಕೆ ವಿಭೂತಿ ಹಚ್ಚಿ, ಮೇಲೊಂದು ಹೂವಿಟ್ಟಿತ್ತು. ಪಕ್ಕದಲ್ಲಿ ಕೂತು ಮರುಳಸಿದ್ಧ ಬರೆಯುತ್ತಿದ್ದ.

"ಏನು ಬರಿಯಾಕತ್ತಿ?"

"ಮಡ್‌ಗಾರ್ಡಿನ ಮ್ಯಾಲೆ ಚಿಂತನ ನಡಿಸೀನ್ರಿ. ಇಪ್ಪತ್ತೆರಡು ಪುಟ ಆತು. ಸಂಸಾರ ಅನ್ನೋದು ರಾಡಿ, ದೇಹ ಅನ್ನೋದು ಕಾರು, ವೈರಾಗ್ಯ ಅನ್ನೋದು..."

"ಅದು ರಬ್ಬರ್."

"ಏನ್ರಿ?"

"ರಬ್ಬರ್, ತಮ್ಮಾ. ಅದರ ಜೋಡಿ ನಟ್ಟು ಬೋಲ್ಟು ಕೊಟ್ಟಾರ. ಎಲ್ಲಾ ಅದಾವೋ ಇಲ್ಲೋ ನೋಡಿದಿಯೇನು?"

"ಇಲ್ರಿ."

ಅಜ್ಜಾರು ಹೊರಗೆ ಬಂದು ಸ್ವಲ್ಪ ಹೊತ್ತು ಹೊಳೆ ನೋಡುತ್ತ ನಿಂತರು. ಹೊಳೆ ನೋಡಿದರೆ ಮನಸ್ಸು ಶಾಂತವಾಗುತ್ತದೆ ಎಂದು ಅವರೇ ಮೂವತ್ತು ವರ್ಷದಿಂದ ಭಕ್ತರಿಗೆ ಹೇಳಿಕೊಂಡು ಬಂದಿದ್ದರು. ಆಗಲಿಲ್ಲ.

ಗುರುವಾರ ನಾಲ್ಕೂ ಮಡ್‌ಗಾರ್ಡ್ ಕಾರಿನಲ್ಲಿದ್ದವು. ಮರುಳಸಿದ್ಧ ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದ.

"ಫಕೀರಪ್ಪಾ, ಸ್ಟೇರಿಂಗ್ ತಿರುಗಿಸು" ಎಂದರು ಅಜ್ಜಾರು.

ಮುಂದಿನ ಚಕ್ರ ಬಲಕ್ಕೆ ಹೊರಳಿತು. ಗರ್ರ್ ಎಂದಿತು. ಎಡಕ್ಕೆ ಹೊರಳಿತು. ಗರ್ರ್ ಎಂದಿತು.

ಮರುಳಸಿದ್ಧನ ಮುಖ ಅರಳಿತು. "ಕೇಳಿದ್ರ್ಯಾ ಅಜ್ಜಾರ? ಅತ್ತಿತ್ತ ಹೊರಳೋ ಮನಸ್ಸಿಗೆ ನಿಯಮದ ತಡಿ!"

"ಉಜ್ಜಾಕತ್ತೇತಿ."

"ಹೌದ್ರಿ, ಅದರ ಒಳಗಿನ ಅರ್ಥ..."

"ಟೈರ್ ಉಜ್ಜಾಕತ್ತೇತಿ, ಮರುಳಸಿದ್ಧ. ನೀ ಚಕ್ರ ನೆಟ್ಟಗ ನಿಲ್ಲಿಸಿ ಅಳತಿ ತಗೊಂಡಿ. ನಮ್ಮ ಹೊಳಿ ದಾರಿ ನೆಟ್ಟಗ ಐತೇನು?"

ಮರುಳಸಿದ್ಧ ಕಿವಿಯ ಹಿಂದಿನ ಪೆನ್ಸಿಲ್ ತೆಗೆದ.

"ಬರಿಬ್ಯಾಡ!" ಅಜ್ಜಾರ ಗಂಟಲು ಅಲ್ಲೇ ಒಡೆಯಿತು. "ಬಿಚ್ಚು."

ಬಿಚ್ಚಿದ. ಚಕ್ರ ಹೊರಳಿಸಿ ಹೊರಳಿಸಿ ನೋಡಿ ಮತ್ತೆ ಹಚ್ಚಿದ. ಶುಕ್ರವಾರ ಮಧ್ಯಾಹ್ನ ಗರ್ರ್ ಇರಲಿಲ್ಲ. ಅಜ್ಜಾರು ಕಾರಿನ ಹಿಂದೆ ಬಂದು ಬಗ್ಗಿ ನೋಡಿದರು. ನಂತರ ಅಡುಗೆಮನೆಯ ಕಡೆ ತಿರುಗಿ ಕೂಗಿದರು.

"ಎಲ್ಲಾರೂ ಬಂದು ಕಾರು ಹತ್ರಿ."

ಮಠದ ಕಾರು ಎಂದೂ ಖಾಲಿ ಓಡಿದ್ದಲ್ಲ. ಅಜ್ಜಾರು ಪರ ಊರಿಗೆ ಹೊರಟರೆ ಅಡುಗೆಯ ನೀಲಮ್ಮ, ಹಾರ್ಮೋನಿಯಂ ಗದಿಗೆಯ್ಯ, ಆ ಹಾರ್ಮೋನಿಯಂ, ತಬಲದ ಜೋಡಿ, ಒಂದು ಚೀಲ ಜೋಳ, ಇಷ್ಟಂತೂ ಇರಲೇಬೇಕು. ಎಲ್ಲರೂ ಎಲ್ಲವೂ ಹತ್ತಿದರು. ಕಾರು ಬೇವಿನ ಮರದ ಕೆಳಗೆ ನಿಂತೇ ಇತ್ತು.

"ಎಲ್ಲಿಗ್ರಿ ಅಜ್ಜಾರ?" ಎಂದಳು ನೀಲಮ್ಮ.

"ಎಲ್ಲಿಗೂ ಇಲ್ಲ."

"ಒಲಿಮ್ಯಾಲೆ ಬ್ಯಾಳಿ ಐತ್ರಿ."

"ಹಂಗಾದ್ರ ಲಗೂ ಕೂಡು."

"ಎಲ್ಲಿಗೂ ಇಲ್ಲ ಅಂದಮ್ಯಾಲೆ ಲಗೂ ಯಾಕ್ರಿ?" ಎಂದ ಗದಿಗೆಯ್ಯ, ಹಾರ್ಮೋನಿಯಂ ತೊಡೆಯ ಮೇಲಿಟ್ಟುಕೊಂಡು.

ಅಜ್ಜಾರು ಕಾರಿನ ಹಿಂದೆ ಹೋಗಿ ಬಗ್ಗಿದರು. ಕಾರಿನ ಹಿಂಭಾಗ ಕುಸಿಯಿತು. ಹಿಂದಿನ ಎರಡೂ ಮಡ್‌ಗಾರ್ಡ್ ನೆಲಕ್ಕೆ ತಾಗಿ ಮಡಚಿಕೊಂಡವು.

ಮರುಳಸಿದ್ಧನ ಕಣ್ಣು ದೊಡ್ಡದಾಯಿತು. ಬಾಯಿ ತೆರೆಯಿತು.

"ಬ್ಯಾಡೋ ಮಾರಾಯಾ" ಎಂದ ಫಕೀರಪ್ಪ, ಸ್ಟೇರಿಂಗ್ ಹಿಂದಿನಿಂದ. "ಒಳಗ ಸೆಕಿ ಭಾಳ ಐತಿ."

ಬಾಯಿ ಮುಚ್ಚಿತು. ಆದರೆ ಮರುಳಸಿದ್ಧನಿಗೆ ಸಿಟ್ಟು ಬಂದಿತ್ತು. ಅಡುಗೆಮನೆಯಿಂದ ಚಾಕು ತಂದು, ಅಳತೆ ಗಿಳತೆ ಇಲ್ಲದೆ ಎರಡೂ ಮಡ್‌ಗಾರ್ಡಿನ ತುದಿ ಕೊಯ್ದು ಒಗೆದ.

ಅಜ್ಜಾರು ನೋಡಿದರು. ಕೊಯ್ದ ರಬ್ಬರು ಮತ್ತೆ ಬೆಳೆಯುವುದಿಲ್ಲ ಎಂದು ಹೇಳಬೇಕೆನಿಸಿತು. ಹೇಳಿದರೆ ಇಪ್ಪತ್ಮೂರನೆಯ ಪುಟವಾಗುತ್ತಿತ್ತು.

ಆ ರಾತ್ರಿ ಮಳೆ ಬಂತು. ಶನಿವಾರ ಬೆಳಗ್ಗೆ ಮರುಳಸಿದ್ಧ ಮಡಿ ಮಾಡಿದ ಬಿಳಿ ಅಂಗಿ ತೊಟ್ಟು, ಬಿಳಿ ಧೋತ್ರ ಉಟ್ಟು ಬಂದು ನಮಸ್ಕಾರ ಮಾಡಿದ.

"ಕೆಲಸ ಮುಗೀತ್ರಿ ಅಜ್ಜಾರ. ಇನ್ನ ಸೋಮವಾರದ್ದು..."

"ನಾ ಕಾರಿನ್ಯಾಗ ಅಂಗನವಾಡಿತನಕ ಹೋಗಿ ಬರ್ತೀನಿ. ನೀ ಸೈಕಲ್ ತಗೊಂಡು ಹಿಂದ ಬಾ."

"ಹಿಂದ ಅಂದ್ರ ಎಷ್ಟು ಹಿಂದ್ರಿ?"

"ಸಾವಂತ್ರಕ್ಕ ಬರೋವಷ್ಟು."

ಹೊಳೆ ದಾರಿಯಲ್ಲಿ ಐದು ಗುಂಡಿಗಳಿದ್ದವು. ಅವುಗಳಲ್ಲಿ ಎರಡನ್ನು ತಪ್ಪಿಸಿ ಹೋಗಬಹುದಿತ್ತು. ಫಕೀರಪ್ಪ ಯಾರೂ ಹೇಳದಿದ್ದರೂ ಐದಕ್ಕೂ ಇಳಿಸಿದ.

ಅಂಗನವಾಡಿಯ ಮುಂದೆ ಅಜ್ಜಾರು ಇಳಿದು ಕಾದರು. ಮರುಳಸಿದ್ಧ ಬಂದ. ಎದೆಯಿಂದ ಮೇಲೆ ಅವನು ಯಾರೆಂದು ಹೇಳುವುದು ಕಷ್ಟವಿತ್ತು. ಬಾಗಿಲಲ್ಲಿ ನಿಂತಿದ್ದ ಸಾವಂತ್ರಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಸಬಕಾರ ಹಚ್ಚಿ ತೊಳಿಬ್ಯಾಡ್ರಿ" ಎಂದಳು ಕೊನೆಗೆ. "ಒಣಗಿದಮ್ಯಾಲೆ ಕೊಡವ್ರಿ. ಅರ್ಧ ಹೋಕ್ಕತಿ."

ಮರುಳಸಿದ್ಧ ಸೈಕಲ್ ನಿಲ್ಲಿಸಿದ. ಅಜ್ಜಾರ ಕಡೆ ನೋಡಿದ. ಅಜ್ಜಾರು ಕಣ್ಣು ಮುಚ್ಚಿ, ಬರಲಿರುವ ಉಪಮೆಗೆ ಸಿದ್ಧರಾದರು.

ಅವನು ಬಾಯಿಯಲ್ಲಿದ್ದ ರಾಡಿ ಉಗುಳಿದ. ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತ. ಬೆರಳಿಟ್ಟು ಅಳೆದ.

"ಎಡಗಡಿದು ಎರಡು ಬೆರಳು ಗಿಡ್ಡ ಆಗೇತ್ರಿ."

ಅಜ್ಜಾರು ಕಣ್ಣು ತೆರೆದರು. "ಬಲಗಡಿದು?"

"ಒಂದೂವರಿ."

ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಕಾರಿನ ಕೆಳಗಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಒಮ್ಮೆ ಹೊರಬಂದು ಗದಿಗೆಯ್ಯನನ್ನೂ ನೀಲಮ್ಮನನ್ನೂ ಜೋಳದ ಚೀಲವನ್ನೂ ತಾನೇ ಕರೆದು ಕೂರಿಸಿದ. ರಬ್ಬರನ್ನು ಕೆಳಗಿಳಿಸಿ ಹೊಸ ತೂತು ಕೊರೆಯಬೇಕಿತ್ತು. ಗುರುತು ತೆಗೆಯಲು ಕಾಗದ ಬೇಕಾಯಿತು. ಇಪ್ಪತ್ತೆರಡು ಪುಟಗಳಲ್ಲಿ ನಾಲ್ಕು ಅದಕ್ಕೆ ಹೋದವು. ಉಳಿದವುಗಳಲ್ಲಿ ಕೈಯ ಗ್ರೀಸ್ ಒರೆಸಿಕೊಂಡ.

ಸೋಮವಾರ ಬೆಳಗ್ಗೆ ಕಾರು ಮುಂದೆ ಹೋಯಿತು, ಸಾವಂತ್ರಕ್ಕನ ಮೊಪೆಡ್ ಹಿಂದೆ ಹೋಯಿತು. ಐದು ಗುಂಡಿ ದಾಟಿದ ಮೇಲೆ ಅವಳು ಮೊಪೆಡ್ ನಿಲ್ಲಿಸಿ ಸೀರೆಯ ನೆರಿಗೆ ಬಿಡಿಸಿ ನೋಡಿದಳು. ಒಂದು ಹನಿಯೂ ಬಿದ್ದಿರಲಿಲ್ಲ. ಕೆಲಸಕ್ಕೆ ಹೋದಳು.

ಅಜ್ಜಾರು ಮಠಕ್ಕೆ ಮರಳಿ ಕಟ್ಟೆಯ ಮೇಲೆ ಕೂತರು. ಮರುಳಸಿದ್ಧ ಎದುರಿಗೆ ನಿಂತ. ಅವನ ಎರಡು ಉಗುರು ಕಪ್ಪಾಗಿದ್ದವು.

"ಏನು ತಿಳೀತಪಾ?"

ಮರುಳಸಿದ್ಧ ಯೋಚಿಸಿದ.

"ನಟ್ಟು ಬಿಗಿಯಾಕ ಹತ್ತನೇ ನಂಬರ್ ಪಾನಾ ಬೇಕಿತ್ರಿ. ಮಠದಾಗ ಇರೋದು ಹನ್ನೊಂದು."

"ಮತ್ತ?"

"ಬಲಗಡಿ ಹಿಂದಿನ ಬೋಲ್ಟ್ ದಸರಾತನಕ ಬಾಳೂದಿಲ್ರಿ."

"ಮತ್ತ?"

"ಅಷ್ಟ ರೀ."

ಅಜ್ಜಾರು ಉಪಮೆಗಾಗಿ ಕಾದರು. ಬೇರೆ ಏನೂ ಬರಲಿಲ್ಲ.

"ಇವತ್ತು ಸಂಜಿ ಪೀಠದ ಮ್ಯಾಲೆ ನೀ ಕೂಡು."

ಮರುಳಸಿದ್ಧನ ಮುಖ ಬಿಳಿಚಿತು. ಹನ್ನೆರಡು ವರ್ಷ ಕೇಳಿದ್ದ ಮಾತು ಅದು.

"ಅಜ್ಜಾರ, ಹೇಳಾಕ ನನ್ನ ಹತ್ರ ಏನೂ ಉಳಿದಿಲ್ರಿ."

"ಏಳೂವರಿಗೆ ಮುಗಿಸು. ರೊಟ್ಟಿ ಆರತಾವ."