ಚೂಪಕ್ಕ ಮುಳ್ಳು ಬಿಡಲಿಲ್ಲ

ಬಂಡೆಗಳು ತುಂಬಿದ ಒಂದು ಕಾಡಿನಲ್ಲಿ ಸೀಳುನಾಯಿಗಳ ಕಾಟ ವಿಪರೀತವಾಗಿತ್ತು. ಅದಕ್ಕೆಂದೇ ಕಾಡುಕೋಣ, ಜಿಂಕೆ, ಮುಸುವ, ನರಿ ಎಲ್ಲರೂ ಸೇರಿ ಒಂದು ಕಾವಲು ಕೂಟ ಕಟ್ಟಿಕೊಂಡಿದ್ದರು. ಒಬ್ಬರು ಕೂಗಿದರೆ ಎಲ್ಲರೂ ಓಡಿ ಬರಬೇಕು. ಹೊಸಬರು ಸೇರಬೇಕಾದರೆ ಎಲ್ಲರೂ ಒಪ್ಪಬೇಕು. ಯಾರಾದರೂ ಷರತ್ತು ಹಾಕಿದರೆ, ಹಾಕಿದವರೇ ಅದನ್ನು ಮೊದಲು ಪಾಲಿಸಿ ತೋರಿಸಬೇಕು. ಇದು ಕೂಟದ ಕಟ್ಟಳೆ.

ಕಾಡಂಚಿನ ಬಿಲದಲ್ಲಿ ಚೂಪಕ್ಕ ಎಂಬ ಮುಳ್ಳುಹಂದಿ ತನ್ನ ಬಳಗದೊಂದಿಗೆ ಇದ್ದಳು. ಒಂದು ದಿನ ಸೀಳುನಾಯಿಗಳು ಆ ಬಿಲದ ಬಾಯಿಗೇ ಬಂದು ಮೂಸಿ ಹೋದವು. ಮರಿಗಳ ಮುಳ್ಳು ಇನ್ನೂ ಗಟ್ಟಿಯಾಗಿರಲಿಲ್ಲ. ಚೂಪಕ್ಕ ತಲೆ ತಗ್ಗಿಸದೆ ಕೂಟದ ಮುಂದೆ ಬಂದು ನಿಂತಳು.

“ನಮ್ಮನ್ನೂ ಸೇರಿಸಿಕೊಳ್ಳಿ. ಕಾಡಂಚಿನ ಕಾವಲು ನಮಗೆ ಬಿಡಿ.”

ಎಲ್ಲರೂ ಒಪ್ಪಿದರು. ನರಿ ಮಾತ್ರ ಮೀಸೆ ನೆಕ್ಕಿಕೊಂಡ.

“ಸೇರಿಸಿಕೊಳ್ಳೋಣ ಚೂಪಕ್ಕ, ನನಗೇನು ಹೊಟ್ಟೆಕಿಚ್ಚೇ? ಆದರೆ ಇನ್ಮೇಲೆ ನಾವೆಲ್ಲ ಒಂದೇ ಮನೆಯವರು. ಮನೆಯೊಳಗೆ ಆಯುಧ ಯಾಕೆ? ಮುಳ್ಳು ಉದುರಿಸಿ ಬನ್ನಿ.”

ಅಬ್ಬಾ, ಎಂಥ ಸಕ್ಕರೆಯಂಥ ಮಾತು! ಮುಳ್ಳಿಲ್ಲದ ಮರಿಗಳನ್ನು ನೆನೆದೇ ಅವನ ಬಾಯಲ್ಲಿ ನೀರೂರಿತ್ತು. ಕಟ್ಟಳೆಯ ಭಯವೂ ಅವನಿಗಿರಲಿಲ್ಲ. ಅವನ ಮೈಮೇಲೆ ಮುಳ್ಳೇ ಇಲ್ಲವಲ್ಲ!

“ಒಪ್ಪಿಬಿಡೇ ಅಕ್ಕ,” ಎಂದು ಚೂಪಕ್ಕನ ತಂಗಿ ಪಿಸುಗುಟ್ಟಿದಳು. “ಮುಳ್ಳು ಮತ್ತೆ ಬೆಳೆಯುತ್ತೆ.”

“ಅದು ಬೆಳೆಯೋವರೆಗೆ ಮಕ್ಕಳು ಉಳೀಬೇಕಲ್ಲ!” ಎಂದ ಚೂಪಕ್ಕ ನರಿಯ ಕಡೆ ತಿರುಗಿದಳು. “ಆಯ್ತು ನರಿಯಣ್ಣ. ಆಯುಧ ಬೇಡ ಅನ್ನೋದು ನಿನ್ನ ಷರತ್ತು. ಕಟ್ಟಳೆ ಪ್ರಕಾರ ಮೊದಲು ನೀನೇ ಬಿಡಬೇಕು. ನಿನಗೆ ಮುಳ್ಳಿಲ್ಲ, ಸರಿ. ಹಲ್ಲಿದೆಯಲ್ಲ?”

“ಕೀಳೋಕೆ ನಾನಿದ್ದೀನಿ!” ಎನ್ನುತ್ತಾ ಮುಸುವ ಮರದಿಂದ ಇಳಿದು ಕಲ್ಲು ಹುಡುಕತೊಡಗಿದ. ನರಿ ಬಾಯಿ ಬಿಗಿದುಕೊಂಡು ಅಲ್ಲಿಂದ ಪೇರಿ ಕಿತ್ತ.

“ತಾನೇ ಷರತ್ತು ಹಾಕಿ ತಾನೇ ಓಡಿದವನು ಇನ್ನು ಕೂಟದವನಲ್ಲ,” ಎಂದ ಕಾಡುಕೋಣಜ್ಜ. ಚೂಪಕ್ಕನ ಬಳಗ ಮುಳ್ಳಿನ ಸಮೇತ ಕೂಟಕ್ಕೆ ಸೇರಿತು.

ಮರುದಿನವೇ ಸೀಳುನಾಯಿಗಳು ನರಿಯ ಬೆನ್ನು ಹತ್ತಿದವು. ಅವನು ಏದುಸಿರು ಬಿಡುತ್ತಾ ಕಾಡಂಚಿಗೆ ಓಡಿ ಬಂದ. ಕಾವಲಿದ್ದ ಚೂಪಕ್ಕ ಕೂಗಿದಳು, ಕೂಟದವರೆಲ್ಲ ಅಲ್ಲಿಗೆ ಓಡಿ ಬಂದರು. “ನನ್ನನ್ನೂ ಸೇರಿಸಿಕೊಳ್ಳಿ!” ಎಂದು ಗೋಗರೆದ.

ಕಾಡುಕೋಣಜ್ಜ ಚೂಪಕ್ಕನ ಮುಖ ನೋಡಿದ. “ಎಲ್ಲರೂ ಒಪ್ಪಬೇಕು. ನೀನೇನಂತೀಯಮ್ಮ?”

ಅವಳು ಬೇಡ ಎಂದಿದ್ದರೆ ನರಿಯ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಚೂಪಕ್ಕ ಯಾವ ಷರತ್ತನ್ನೂ ಹಾಕಲಿಲ್ಲ. “ಒಳಗೆ ಬಾ. ಹಲ್ಲು ನಿನ್ನ ಬಾಯಲ್ಲೇ ಇರಲಿ,” ಎಂದಳು.

ಅವಳ ಬಳಗ ಮುಳ್ಳು ಕೆದರಿಕೊಂಡು, ಗಲಗಲ ಸದ್ದು ಮಾಡುತ್ತಾ ಸಾಲಾಗಿ ನಿಂತಿತು. ಎಲ್ಲರಿಗಿಂತ ಮುಂದೆ ನುಗ್ಗಿದ ಸೀಳುನಾಯಿ ಮೂತಿ ತುಂಬ ಮುಳ್ಳು ಚುಚ್ಚಿಸಿಕೊಂಡು ಕುಂಯ್‌ಗುಟ್ಟಿತು. ಉಳಿದವು ಬಾಲ ಮುದುರಿಕೊಂಡು ಓಡಿದವು. ಕಾಡುಕೋಣಜ್ಜನ ಕಾಲಡಿ ಮುದುಡಿ ಕೂತಿದ್ದ ನರಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಚೂಪಕ್ಕ ಮರಿಗಳನ್ನು ಕರೆದುಕೊಂಡು, ಎದೆಯುಬ್ಬಿಸಿ, ಎಲ್ಲರ ನಡುವೆಯೇ ನಡೆದು ಮನೆಗೆ ಹೋದಳು.

ನೀತಿ: ಸ್ನೇಹ ಬೇಕೆಂದು ನಮ್ಮ ಬಲವನ್ನೇ ಬಿಟ್ಟುಕೊಡಬಾರದು, ತಾನು ಪಾಲಿಸಲಾಗದ ಷರತ್ತನ್ನು ಇನ್ನೊಬ್ಬರಿಗೆ ಹಾಕಬಾರದು.