ಬೂದಿ ಬಳಿದ ಎಂಜಿನ್

ಹೊಳೆದಂಡೆಯಲ್ಲಿ ಒಂದು ಸಣ್ಣ ಮಠ. ಮಠಕ್ಕೊಂದು ಹಳೆಯ ಕಾರು. ಸುತ್ತಲಿನ ಮೂರು ಹಳ್ಳಿಗಳಿಂದ ಆಸ್ಪತ್ರೆಗೆ ಹೋಗಲು ಇದ್ದದ್ದು ಅದೊಂದೇ.

ಅದನ್ನು ಓಡಿಸುವವನು, ತೊಳೆಯುವವನು, ಕೆಟ್ಟರೆ ಬಿಚ್ಚಿ ಜೋಡಿಸುವವನು ಎಲ್ಲ ಶಿಷ್ಯ ಚನ್ನವೀರನೇ. ವಯಸ್ಸು ನಲವತ್ತು ದಾಟಿತ್ತು. ಸಿಟ್ಟು ಮಾತ್ರ ಇನ್ನೂ ಮೂಗಿನ ತುದಿಯಲ್ಲೇ ಇತ್ತು.

ಆ ದಿನವೂ ಅವನು ಕಾರಿನ ಕೆಳಗೆ ಮಲಗಿದ್ದ. ಗುರುಗಳು ಬಂದು ಅವನ ಕಾಲ ಬಳಿ ನಿಂತರು. ಊರೆಲ್ಲ ಅವರನ್ನು ಅಜ್ಜಾರು ಎನ್ನುತ್ತಿತ್ತು.

"ಇವತ್ತ ರುದ್ರವ್ವನ ಕೂಸಿನ್ನ ತೊಟ್ಟಲದಾಗ ಹಾಕತಾರ. ನಿನ್ನ ಕರಿಯಾಕ ಬಂದಿದ್ರು."

"ಗಾಡಿ ಸೋರಾಕತ್ತೈತ್ರಿ ಅಜ್ಜಾರ. ಇದನ್ನ ಬಿಟ್ಟು ಹ್ಯಾಂಗ ಹೋಗ್ಲಿ?"

"ಎಲ್ಲಿ ಸೋರತೈತಿ?"

"ತಳದಾಗ್ರಿ, ಎಣ್ಣಿ ನಿಲ್ಲೂ ಚೇಂಬರಿನ್ಯಾಗ. ಪ್ಯಾಕಿಂಗ್ ಎರಡ ಸಲ ಬದಲ ಮಾಡೀನಿ. ಬೋಲ್ಟು ಜೀವ ಹೋಗೂ ಹಂಗ ಬಿಗಿ ಮಾಡೀನಿ. ಆದ್ರೂ ಹನಿ ನಿಂದ್ರವಲ್ದು."

"ಹನಿ ಎಲ್ಲಿ ಬೀಳತೈತಿ ಅಂತ ಕೇಳಲಿಲ್ಲೋ. ಎಲ್ಲಿ ಸೋರತೈತಿ ಅಂತ ಕೇಳಿದೆ."

ಚನ್ನವೀರನಿಗೆ ರೇಗಿತು. "ಗಾಡಿ ವಿಷಯ ನಿಮಗ ತಿಳಿಯಂಗಿಲ್ರಿ ಅಜ್ಜಾರ."

"ಹೌದಪಾ, ಗಾಡಿ ತಿಳಿಯಂಗಿಲ್ಲ. ಬೂದಿ ತಿಳೀತೈತಿ. ಎಂಜಿನ್ ಒರಸು."

ಚನ್ನವೀರ ಗೊಣಗುತ್ತಲೇ ಬಾನೆಟ್ ಎತ್ತಿದ. ಸೀಮೆಎಣ್ಣೆಯ ಬಟ್ಟೆಯಿಂದ ಎಂಜಿನ್ನಿನ ಜಿಡ್ಡೆಲ್ಲ ತೆಗೆದ. ಒಣಬಟ್ಟೆಯಿಂದ ಒರೆಸಿದ.

ಅಜ್ಜಾರು ಜೋಳಿಗೆಯಿಂದ ವಿಭೂತಿ ಗಟ್ಟಿ ತೆಗೆದು ಅಂಗೈಯಲ್ಲಿ ಪುಡಿ ಮಾಡಿದರು. ಎಂಜಿನ್ನಿನ ಮೇಲಿನಿಂದ ತಳದವರೆಗೆ ಉದುರಿಸಿದರು.

ಚನ್ನವೀರ ಚಪ್ಪಲಿ ಬಿಟ್ಟು ಕೈ ಮುಗಿದು ನಿಂತ.

ಅಜ್ಜಾರಿಗೆ ನಗು ತಡೆಯಲಾಗಲಿಲ್ಲ. "ಪೂಜಿ ಅಲ್ಲೋ ಇದು! ಚಾಲೂ ಮಾಡು. ಎಲ್ಲಿ ಒದ್ದಿ ಆಗತೈತಿ ನೋಡೋಣು."

ಎಂಜಿನ್ ಓಡಿತು. ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಇಬ್ಬರೂ ಬಗ್ಗಿ ನೋಡುತ್ತಿದ್ದರು.

ತಳ ಒಣಗಿಯೇ ಇತ್ತು. ಮೊದಲು ಒದ್ದೆಯಾದದ್ದು ತೀರ ಮೇಲೆ, ಟ್ಯಾಪೆಟ್ ಮುಚ್ಚಳದ ಹಿಂಬದಿಯಲ್ಲಿ. ಅಲ್ಲಿಂದ ಒಂದು ಕಪ್ಪು ಎಳೆ ಬೂದಿಯ ಮೇಲೆ ನಿಧಾನವಾಗಿ ಇಳಿಯಿತು. ಚೇಂಬರಿನ ಬೋಲ್ಟಿಗೆ ಬಂದು ಹನಿಯಾಗಿ ನಿಂತಿತು.

ಒಂದು ತಿಂಗಳು ಬೈಸಿಕೊಂಡ ಬೋಲ್ಟು ಪಾಪ, ಏನೂ ಮಾಡಿರಲಿಲ್ಲ.

ಎಂಜಿನ್ ಆರಿದ ಮೇಲೆ ಮುಚ್ಚಳ ಬಿಚ್ಚಿದರೆ ಒಳಗಿನ ಪ್ಯಾಕಿಂಗ್ ಖಡಕ್ ರೊಟ್ಟಿಯ ಹಾಗೆ ಮುರಿಯಿತು. ಚನ್ನವೀರ ಕಾರ್ಕ್ ಹಾಳೆಯಲ್ಲಿ ಹೊಸದನ್ನು ಕತ್ತರಿಸಿ ಕೂಡಿಸಿದ. ಪಾನಾ ಹಿಡಿದು ಮುಚ್ಚಳದ ಬೋಲ್ಟು ತಿರುವಲು ಮತ್ತೆ ಬಲ ಹಾಕತೊಡಗಿದ.

"ಸಾಕು," ಎಂದರು ಅಜ್ಜಾರು. "ಹಿಂಡಿದ್ರ ಇದೂ ಹರೀತೈತಿ."

ಮತ್ತೆ ವಿಭೂತಿ ಉದುರಿಸಿ ಎಂಜಿನ್ ಓಡಿಸಿದರು. ಈ ಸಲ ಬೂದಿ ಬೂದಿಯಾಗಿಯೇ ಉಳಿಯಿತು.

ಅಷ್ಟರಲ್ಲಿ ರುದ್ರವ್ವನ ಮನೆಯ ಕಡೆಯಿಂದ ಹೆಂಗಸರ ಜೋಗುಳ ಕೇಳಿಬಂತು.

"ಇನ್ನ ಹೋಗಬಹುದಲ್ಲ," ಎಂದರು ಅಜ್ಜಾರು.

ಚನ್ನವೀರ ಪಾನಾ ಕೈಗೆತ್ತಿಕೊಂಡ. "ತಳದ ಬೋಲ್ಟು ಇನ್ನೊಮ್ಮೆ ನೋಡತೀನ್ರಿ."

"ಅಲ್ಲಿ ಏನೈತಿ?"

"ಏನೂ ಇಲ್ರಿ."

"ಮತ್ತ?"

ಚನ್ನವೀರ ನೆಲ ನೋಡಿದ.

"ರುದ್ರವ್ವಗ ಹೆರಿಗಿ ಬ್ಯಾನಿ ಎದ್ದ ದಿನ ಗಾಡಿ ನಡುದಾರ್ಯಾಗ ನಿಂತದ್ದು ಹಳೇದಾಗೈತಿ ಅಂತ ಅಲ್ರಿ ಅಜ್ಜಾರ. ಎಣ್ಣಿ ಇದ್ದಿದ್ದಿಲ್ಲ. ಸೋರೂದು ನನಗ ಮೊದಲ ಗೊತ್ತಿತ್ತು. ದಿನಾ ಮುಂಜಾನೆ ಅಂಗಳ ಸಾರಿಸಿಬಿಡತಿದ್ದೆ."

"ಯಾಕ?"

"ಮಠದ ಅಂಗಳ ಹೊಲಸ ಆಗಬಾರದು ಅಂತ್ರಿ."

ಅಜ್ಜಾರು ಬಗ್ಗಿ ತಳದ ಬೋಲ್ಟನ್ನೊಮ್ಮೆ ನೋಡಿದರು.

"ನೀವು ನೋಡಬಾರದು ಅಂತ್ರಿ," ಎಂದ ಚನ್ನವೀರ.

ಆ ದಿನ ನಾಲ್ಕು ಮಂದಿ ರುದ್ರವ್ವನನ್ನು ಹೊರಸಿನ ಮೇಲೆ ಹೊತ್ತು ಎರಡು ಹರದಾರಿ ಓಡಿದ್ದರು. ತಾಯಿ, ಕೂಸು ಇಬ್ಬರೂ ಉಳಿದದ್ದು ದೊಡ್ಡದು.

"ಅವರು ನನ್ನ ಬೈದಿಲ್ರಿ. ಗಾಡಿ ಹಳೇದು, ನೀ ಏನ ಮಾಡ್ತಿ ಅಂತ ನನಗ ಸಮಾಧಾನ ಹೇಳ್ಯಾರ. ಈಗ ಊಟಕ್ಕೂ ಕರದಾರ. ಯಾವ ಮಾರಿ ಇಟ್ಕೊಂಡು ಹೋಗ್ಲಿ?"

ಅಜ್ಜಾರು ಬೈಯಲಿಲ್ಲ. ಅಂಗೈಯಲ್ಲಿ ಉಳಿದಿದ್ದ ವಿಭೂತಿಯನ್ನು ಅವನ ಹಣೆಗೆ ಹಚ್ಚಿದರು. ಆಮೇಲೆ ಎರಡೂ ಗಲ್ಲಕ್ಕೆ ಮೆಲ್ಲಗೆ ಬಳಿದರು. ಅವನ ಕೈಯಿಂದ ಪಾನಾ ತೆಗೆದುಕೊಂಡರು.

"ಒರಸಿಕೋಬ್ಯಾಡ, ಹಿಂಗ ಹೋಗು. ರುದ್ರವ್ವನ ಮುಂದ ಈ ಮಾತು ಚಾಲೂ ಮಾಡು. ಎಲ್ಲಿ ಒದ್ದಿ ಆಗತೈತಿ ನೋಡೋಣು."