ಕಡಲಿಗೆ ಹೊರಟ ಅಪ್ಪಣೆ

"ನನ್ನ ರಾಜ್ಯದಲ್ಲಿ ನನ್ನ ಅಪ್ಪಣೆಯಿಲ್ಲದೆ ಒಂದು ಮೊಟ್ಟೆಯೂ ಒಡೆಯಕೂಡದು!" ಎಂದು ದೊರೆ ಜಗರಾಯ ಗುಡುಗಿದ. ಗುಡುಗುವಾಗ ಅವನ ಬಾಯಲ್ಲಿ ಹೋಳಿಗೆಯಿತ್ತು, ಕಣ್ಣಲ್ಲಿ ನೀರಿತ್ತು.

ಆಗಿದ್ದಿಷ್ಟು. ಬೇಸಿಗೆ ಕಳೆಯಲು ಬಂದ ದೊರೆ ಕಡಲದಂಡೆಯ ಎತ್ತರದ ಮರಳ ದಿಬ್ಬದ ಮೇಲೆ ಬೀಡುಬಿಟ್ಟಿದ್ದ. ಅವನ ಗುಡಾರ, ರಾಣಿಯರ ಗುಡಾರ, ಅಡುಗೆಯ ಗುಡಾರ, ಪಕ್ಕದಲ್ಲಿ ಆನೆಗಳು. ವರ್ಷವೂ ಆ ದಿಬ್ಬದಲ್ಲಿ ಮೊಟ್ಟೆಯಿಡುತ್ತಿದ್ದ ಕಡಲಹಕ್ಕಿಗಳು ಬೇರೆ ದಾರಿಯಿಲ್ಲದೆ ಕೆಳಗಿಳಿದು, ನೀರಿನಂಚಿನ ಮರಳು ಕೆದರಿ ಮೊಟ್ಟೆಯಿಟ್ಟಿದ್ದವು. ಅಮಾವಾಸ್ಯೆಯ ಉಬ್ಬರ ಬಂದು ಎಲ್ಲವನ್ನೂ ಬಳಿದುಕೊಂಡು ಹೋಯಿತು. ಈಗ ಮತ್ತೆ ಅಲ್ಲೇ ಕೆದರುತ್ತಿದ್ದವು. ಹುಣ್ಣಿಮೆ ಹತ್ತಿರವಾಗಿತ್ತು.

ಕಡಲಿನತ್ತ ತೋಪು ತಿರುಗಿಸೋಣವೆಂದ ಸೇನಾಪತಿ. ಪುರೋಹಿತರು ಹೋಮವಾಗಲಿ ಎಂದರು. ತಪ್ಪೆಲ್ಲ ಹಕ್ಕಿಗಳದೇ, ಅವಕ್ಕೆ ಮುಂದಾಲೋಚನೆಯಿಲ್ಲ ಎಂದ ಮಂತ್ರಿ.

ವಿದೂಷಕ ದುಗ್ಗಣ್ಣ ಮಾತ್ರ ಸುಮ್ಮನಿದ್ದ. ಕೊಚ್ಚಿಹೋದ ಗೂಡಿನ ಜಾಗವನ್ನೇ ಸುತ್ತುತ್ತಿದ್ದ ಒಂದು ಹಕ್ಕಿಯನ್ನು ಕಂಡು ಅವನ ಕರುಳು ಚುರ್ರೆಂದಿತ್ತು. ಆದರೆ 'ಗುಡಾರ ಕೀಳಿಸಿ' ಎಂದು ದೊರೆಗೆ ನೇರವಾಗಿ ಹೇಳಿದರೆ ತಲೆ ಹೆಗಲ ಮೇಲಿರುವುದಿಲ್ಲ.

"ಏನೋ ದುಗ್ಗ, ಬಾಯಿಗೆ ಬೀಗ ಹಾಕಿಕೊಂಡಿದ್ದೀಯ?"

"ಇಷ್ಟಕ್ಕೆ ತೋಪು ಯಾಕೆ ಪ್ರಭು? ತಮ್ಮದೊಂದು ಅಪ್ಪಣೆ ಸಾಕು. ಹಕ್ಕಿಗಳಿಗೆ ಅಡ್ಡಿಯಾದವರು ಯಾರೇ ಆಗಿರಲಿ, ಇವತ್ತೇ ಹಿಂದೆ ಸರಿಯತಕ್ಕದ್ದು. ಜಾರಿ ಮಾಡೋದು ನನಗೆ ಬಿಡಿ."

"ಭೇಷ್! ಕೊಟ್ಟೆ ಅಪ್ಪಣೆ!"

ಮಧ್ಯಾಹ್ನ ಊಟ ಮಾಡಿ ಮಲಗಿದ್ದ ದೊರೆಯ ಮುಖದ ಮೇಲೆ ಗುಡಾರ ಕುಸಿಯಿತು. ಬಟ್ಟೆಯೊಳಗಿಂದ ತೆವಳಿಕೊಂಡು ಹೊರಬಂದರೆ, ದುಗ್ಗಣ್ಣ ಬೆವರು ಸುರಿಸುತ್ತ ಗೂಟ ಕೀಳುತ್ತಿದ್ದ.

"ಲೋ! ನಾನು ಹೇಳಿದ್ದು ಕಡಲನ್ನು ಸರಿಸು ಅಂತ!"

"ಮೊದಲು ಅಲ್ಲಿಗೇ ಹೋಗಿದ್ದೆ ಪ್ರಭು. ಮೊಣಕಾಲುದ್ದ ನೀರಲ್ಲಿ ನಿಂತು ಅಪ್ಪಣೆ ಓದಿದೆ. ಕಡಲು ಕೈಮುಗಿದು, 'ನಾನು ಇನ್ನೊಬ್ಬರ ಕೈಕೆಳಗಿನವನು ಸ್ವಾಮಿ. ಮೇಲೆ ಚಂದ್ರ ಇದ್ದಾನೆ, ಅವನು ಎಳೆದ ಹಾಗೆ ನಾನು. ಸ್ವಂತ ಇಷ್ಟದಿಂದ ಸರಿಯೋಕಾಗಲ್ಲ' ಅಂತು."

"ಅದಕ್ಕೆ?"

"ಅದಕ್ಕೇ, ಮೇಲೆ ಯಾರೂ ಇಲ್ಲದವರು ಎಲ್ಲಿದ್ದಾರೆ ಅಂತ ಹುಡುಕಿಕೊಂಡು ಇಲ್ಲಿಗೆ ಬಂದೆ."

ದೊರೆ ಕುಸಿದ ಗುಡಾರವನ್ನೂ ಕೆಳಗೆ ಮರಳು ಕೆದರುತ್ತಿದ್ದ ಹಕ್ಕಿಗಳನ್ನೂ ನೋಡಿದ. ಸರಿಯುವುದಿಲ್ಲ ಎನ್ನೋಣವೆಂದರೆ ತಾನೂ ಯಾರದೋ ಕೈಕೆಳಗಿನವನಾಗಬೇಕು! ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ತನ್ನ ಶಾಲು ತೆಗೆದು ದುಗ್ಗಣ್ಣನಿಗೆ ಹೊದಿಸಿ, ಮಂತ್ರಿಯತ್ತ ತಿರುಗಿದ.

"ನೋಡ್ತಾ ನಿಂತಿದ್ದೀರಲ್ಲ, ನೀವೂ ಒಂದು ಗೂಟ ಕೀಳಿ!"